ಎಡರೆಕ್ಕಿ ಗೋಟು

ಕೌಲ್ ಬಜಾರಿನ ಜೀನ್ಸ್ ಶೆಡ್ಡಿನಾಗ
ದಿನಕ್ಕ ಸಾವಿರದಿನ್ನೂರು ಗುಂಡಿ ಬಡಿಯೋ ಕೈ ಇದು.
ಅದಕ್ಕ ಕರೆದ ಗಾದಿಲಿಂಗಪ್ಪ:
"ಹುಲಿಗೆಮ್ಮ, ನಿನ್ನ ಬೆರಳು ಬೇಕವ್ವ, ಎರಡು ಭಾನುವಾರ."

ಲಾರಿ ಬಾಡಿ ಕಟ್ಟೋ ಜಾಗ. ಹಿಂದ
ಟಾರ್ಪಾಲು ಸರಿಸಿದರ, ವಿಮಾನ.
ನಗಬೇಕೋ ಕೈ ಮುಗೀಬೇಕೋ ತಿಳೀಲಿಲ್ಲ.
ಏಳು ವರ್ಷದಿಂದ ಕಟ್ಟಾಕ ಹತ್ಯಾನಂತ.
ಹೆಂಡತಿ ಅದರ ಬಾಲದ ಮ್ಯಾಲೆ
ಒಗೆದ ಬಟ್ಟಿ ಹರವ್ಯಾಳ.

ರೆಕ್ಕಿ ಮೈಗೆ ಕೂಡೋ ಸಂದಿನಾಗ
ನಾಕು ಬೆರಳು ತೆರಪು.
ಅದನ್ನ ಮುಚ್ಚಾಕ ಮಾಬುಸಾಬ
ಕಾರಿನ ಬಂಪರ್ ಎರಕ ಹೊಯ್ಯೋ ಕೈಲೆ
ಫೈಬರ್ ತಂದಾನ, ತೆಳ್ಳಗ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ.
ಫೇರಿಂಗ್ ಅಂತಾನ ಗಾದಿಲಿಂಗಪ್ಪ,
ಚಿಪ್ಪು ಅಂತಾನ ಮಾಬುಸಾಬ,
ನನ್ನ ಕಣ್ಣಿಗೆ ಅದು ಗೋಟು.

"ಇದು ಎಷ್ಟು ಭಾರ ಹೊರತೈತಿ?"
"ಏನೂ ಹೊರಂಗಿಲ್ಲ."
"ಮತ್ತ್ಯಾಕ?"
"ಆ ಸಂದಿನಾಗ ಗಾಳಿ ಎಡವತೈತಿ.
ಎಡವಬಾರದು."

ಅಷ್ಟಕ್ಕ ಇಪ್ಪತ್ತಮೂರು ಸ್ಕ್ರೂ.

ಮೊದಲ ಭಾನುವಾರ
ತಂಪೊತ್ತಿನಾಗ ಟೇಪು ಹಿಡಿದು ಗುರುತು ಹಾಕಿ
ಮಟಮಟ ಮಧ್ಯಾಹ್ನ ಕೊರೆದರು ಗಂಡಸರು.
ಬಳ್ಳಾರಿ ಬಿಸಲು. ತಗಡು ಹಿಗ್ಗಿತ್ತು.
ತೂತಿಗೆ ತೂತು ಮಾರಿ ಕೊಡವಲ್ದು.
ಜಬರದಸ್ತಿ ಮಾಡಿದರ ಒಂದರ ಅಂಚು ಬಿರಿದು
ಬೆಳ್ಳಗಾತು, ಅದುಮಿದ ಉಗುರಿನಂಗ.

"ಒಂದು ತುದಿಯಿಂದ ಹೊಲಕೊಂತ ಹೋದರ
ಸೊಂಟದ ಪಟ್ಟಿ ಸೊಟ್ಟ ಆಗತೈತಿ" ಅಂದೆ.
"ನಡುವ ಮೊದಲು ಹಿಡೀರಿ. ಆಮ್ಯಾಲೆ ಆಚೀಚಿ."
ಮಾಬುಸಾಬ ಬೀಡಿ ಕಿವಿಗೆ ಸಿಗಿಸಿ
ನನ್ನ ಕಡೆ ಮೊದಲ ಸಲ ನೋಡಿದ.

ಎರಡನೇ ಭಾನುವಾರ, ಕೋಳಿ ಕೂಗೋ ಹೊತ್ತು.
ತೂತೆಲ್ಲ ತುಂಬಿಸಿ ತಿಕ್ಕಿ ಹೊಸದು ಮಾಡಿ
ತಗಡಿನ ಒಳಗ ಒಂದು ಬಲ್ಬು ಇಳಿಬಿಟ್ಟ ಮಾಬುಸಾಬ,
ಶೆಡ್ಡಿನ ಲೈಟು ಆರಿಸಿದ.
ತಗಡಿನ ತೂತುಗಳೆಲ್ಲ ಚಿಪ್ಪಿನ ಮ್ಯಾಲೆ
ಅರಿಶಿಣ ಬೊಟ್ಟಿಟ್ಟಂಗ ಮೂಡಿದವು.
ಅಳತಿ ಬೇಕಾಗಲೇ ಇಲ್ಲ.
ಬೊಟ್ಟು ಕಂಡಲ್ಲಿ ಡ್ರಿಲ್ಲು.

ಪುಡಿ ಹಾರಿ ಕುತ್ತಿಗಿ, ಮೊಣಕೈ, ರವಿಕಿ ಅಂಚು
ಎಲ್ಲಾ ಕಡೆ ಕಾಣದ ಮುಳ್ಳು.

ಪ್ಯಾಂಟಿನ ರಿವೆಟ್ಟು ಒಂದೇ ಪೆಟ್ಟಿಗೆ ಕುಂದರತೈತಿ,
ಇದು ಹಂಗಲ್ಲ.
ವಾಶರ್ ಇಟ್ಟು, ತಿರುವಿ, ತಿರುವಿ,
ಫೈಬರ್ ಕಿರ್ ಅನ್ನೋಕಿಂತ ಮೊದಲು ನಿಲ್ಲಬೇಕು.
ಆ ಮೊದಲು ಅನ್ನೋದು ಕಿವಿಗೆ ಕೇಳಂಗಿಲ್ಲ,
ಮಣಿಕಟ್ಟಿಗೆ ಕೇಳತೈತಿ.

ರಾತ್ರಿ ಮನ್ಯಾಗ ಸೀರಿ ಬಿಚ್ಚಿದೆ.
ನೆರಿಗ್ಯಾಗಿಂದ ಟಣ್ ಅಂತ
ಬಿತ್ತು ಒಂದು ಸ್ಕ್ರೂ.

ಪ್ಯಾಂಟಿಗೆ ಒಂದು ಗುಂಡಿ ಕಮ್ಮಿಯಾದರ
ಮೇಸ್ತ್ರಿ ಪಗಾರದಾಗ ಎರಡು ರೂಪಾಯಿ ಮುರೀತಾನ.
ಇದು ಕಮ್ಮಿಯಾದರ
ಏನು ಮುರೀತೈತಿ, ಯಾರದು?

ಮತ್ತ ಸೀರಿ ಸುತ್ತಿಕೊಂಡೆ.
ಅದಿರಿನ ಲಾರಿ ಹಾದು ಹೋಗಾಕ ಬಿಟ್ಟು
ಕೆಂಪು ಧೂಳಿನಾಗ ರಸ್ತೆ ದಾಟಿದೆ.
ಗಾದಿಲಿಂಗಪ್ಪ ಬನಿಯನ್ನಿನ ಮ್ಯಾಲೆ ಬಂದ,
ನನ್ನ ಅಂಗೈ ನೋಡಿದ,
ಯಾಕ ಅಂತ ಕೇಳಲಿಲ್ಲ. ಬಲ್ಬು ಇಳಿಬಿಟ್ಟ.

ಇಪ್ಪತ್ತೆರಡು ಕಪ್ಪು ಚುಕ್ಕಿ.
ಕೆಳಗ, ಹೊಟ್ಟಿ ಹತ್ತಿರ, ಕೈ ಸಿಗದ ಮೂಲ್ಯಾಗ
ಒಂದೇ ಒಂದು ತೂತು ಬೆಳಕು ಉಗುಳತಿತ್ತು,
ಕಿಲಾಡಿ ಹುಡುಗನ ಹಲ್ಲಿನ ಸಂದಿನಂಗ.

ನೆಲಕ್ಕ ಬೆನ್ನು ಹಚ್ಚಿ ಮಲಗಿದೆ.
ತಿರುವಿದೆ.
ಮಾರಿ ಮ್ಯಾಲಿದ್ದ ಬೆಳಕು ಸಣ್ಣಾಗಿ, ಸಣ್ಣಾಗಿ, ಹೋತು.
"ಸಾಕು" ಅಂತ ಮಣಿಕಟ್ಟು ಅಂತು.

ಇದು ಹಾರತೈತೋ ಇಲ್ಲೋ ನನಗ ಗೊತ್ತಿಲ್ಲ.
ಪರ್ಮಿಟ್ ಕಾಗದ ಇನ್ನೂ ಬಂದಿಲ್ಲಂತ.
ಬಲರೆಕ್ಕಿ ಗೋಟು ಬರೋ ವಾರ,
ಹೇಳಿದ್ದು ಎರಡೇ ಭಾನುವಾರ ಆದರೂ.

ಸೋಮವಾರ ಗುಂಡಿ ಬಡಿಯೋವಾಗ
ಮೊಣಕೈ ಕಡೀತು. ಕೆರಕೊಳ್ಳಲಿಲ್ಲ.
ಎಣಿಸಿದೆ, ಇಪ್ಪತ್ತಮೂರರ ತನಕ,
ಮತ್ತ ಒಂದರಿಂದ.